ಅಂಗೈ ಕೆಳಗಿನ ಘಾಟಿ

ಹಾರ್ನ್ ಮಾವ ಎಂಬ ಹೆಸರು ಅವನಿಗೆ ಬಿದ್ದದ್ದು ಲಾರಿಯಿಂದಲ್ಲ, ಗಂಟಲಿನಿಂದ. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು. ಘಾಟಿಯ ಮೇಲಿನ ತನ್ನ ಊರಿಗೂ ಕೆಳಗಿನ ಬಂದರಿಗೂ ಸರಕಿನ ಲಾರಿ ಓಡಿಸುತ್ತಲೇ ಕೂದಲು ಹಣ್ಣಾಗಿಸಿಕೊಂಡ ಮನುಷ್ಯ. ಕಣ್ಣಿನ ನರಕ್ಕೆ ಕಾಯಿಲೆ ತಗುಲಿ ದೃಷ್ಟಿ ಪೂರ್ತಿ ಆರಿಹೋದ ಮೇಲೆ ಆ ಗಂಟಲೂ ಕಟ್ಟಿಹೋಯಿತು. ಅಕ್ಕನ ಮನೆಯ ಕಿಟಕಿ ಪಕ್ಕ ಕುರ್ಚಿ ಹಿಡಿದು ಕೂತವನು ‘ಹೂಂ’, ‘ಊಹೂಂ’ ಬಿಟ್ಟರೆ ಬಾಯಿ ತೆರೆಯುತ್ತಿದ್ದುದೇ ಅಪರೂಪ.

ಅಕ್ಕನ ಮಗಳು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅಲ್ಲಿನ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುತ್ತಾರೆ, ಹೊರಗಿನವರೂ ಬರಬಹುದು ಎಂದು ತಿಳಿದಾಗಿನಿಂದ ಅವಳು ಮಾವನ ಬೆನ್ನು ಬಿಡಲಿಲ್ಲ.

“ಕಣ್ಣಿದ್ದಾಗಲೇ ಓದದವನು ಈಗ ಹೋಗಿ ಏನು ಕಡಿದು ಗುಡ್ಡೆ ಹಾಕ್ಲಿ?”

“ಏನೂ ಕಡೀಬೇಡ, ಸುಮ್ನೆ ಬಾ ಮಾವ. ಒಂದ್ಸಲ ಬಂದ್ಬಿಡು, ಆಮೇಲೆ ನಿನ್ನ ತಂಟೆಗೇ ಬರಲ್ಲ.”

ಆ ಕೊನೆಯ ಮಾತಿನ ಆಸೆಗೆ ಹೊರಟ.

ಗ್ರಂಥಾಲಯದ ದೊಡ್ಡ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಿತು. ರಸ್ತೆಯ ಗದ್ದಲ ಕತ್ತರಿಸಿದಂತೆ ನಿಂತುಹೋಯಿತು. ಮಾವನೂ ನಿಂತ. ತನ್ನದೇ ಹೆಜ್ಜೆಯ ಸದ್ದು ಎಲ್ಲೋ ಮೇಲೆ ಹೋಗಿ, ತಡವಾಗಿ ಇಳಿದು ಬಂತು.

“ಪುಟ್ಟೀ, ಇದರ ಚಾವಣಿ ಎಷ್ಟು ಎತ್ತರಾನೇ?”

ಆ ಪ್ರಶ್ನೆ ಹಾಲಿನ ಮೂಲೆ ಮೂಲೆಗೂ ಹೋಗಿ ಬಂತು. ಕುರ್ಚಿಗಳು ಕಿರುಗುಟ್ಟಿದವು, ಯಾರೋ ‘ಶ್’ ಎಂದರು. ಅವಳು ನಗು ನುಂಗಿಕೊಂಡು ಅವನ ಕೈಯನ್ನು ಒಂದು ಕಪಾಟಿನ ಸಾಲಿಗೆ ಹಚ್ಚಿ ಮೆಲ್ಲಗೆ ನಡೆಸಿದಳು. ಬೆರಳ ಕೆಳಗೆ ಪುಸ್ತಕಗಳ ಬೆನ್ನುಗಳು ಸರಿಯುತ್ತ ಹೋದವು: ಬಟ್ಟೆಯದು, ಚರ್ಮದ್ದು, ಕಡ್ಡಿಯಂಥದ್ದು, ಇಟ್ಟಿಗೆಯಂಥದ್ದು. ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಅದರಾಚೆ ಮತ್ತೊಂದು.

“ಕೆಳಗೆ ನೆಲಮಾಳಿಗೇಲೂ ಹೀಗೇ ಇದೆ ಮಾವ.”

“ಇಷ್ಟನ್ನೂ ಯಾರ್ಯಾರೋ ಕೂತು ಬರೆದಿದ್ದಾರಾ?” ಈ ಸಲ ಅವನ ದನಿ ತಾನಾಗಿಯೇ ತಗ್ಗಿತ್ತು.

ಓದಿ ಹೇಳುವ ಕೋಣೆಯಲ್ಲಿ ಬೇರೆಯವರಿದ್ದರು. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅವಳು ಮಾವನ ಲಾರಿಯ ಕಥೆಯನ್ನು ಪಕ್ಕದ ನಕ್ಷೆ ವಿಭಾಗದ ಮೇಡಂ ಹತ್ತಿರ ಹೇಳಿದಳು. ಘಾಟಿಯ ಮಾತು ಕಿವಿಗೆ ಬಿದ್ದದ್ದೇ ಮೇಡಂ ಎದ್ದರು.

“ಯಜಮಾನ್ರೇ, ಹಾಗೇ ಒಳಗೆ ಬನ್ನಿ.”

ಗಾಜಿನ ಮುಚ್ಚಳ ಎತ್ತಿಟ್ಟ ಸದ್ದಾಯಿತು.

“ಮೇಡಂ, ಮುಟ್ಟಬಾರದು ಅಂತ ಬೋರ್ಡಿದೆ,” ಎಂದಳು ಹುಡುಗಿ.

“ಅದು ಕಣ್ಣಿದ್ದವರಿಗಮ್ಮ. ಇವರು ಮುಟ್ಟದೆ ನೋಡೋದು ಹೇಗೆ?”

ಅದು ಭೂಗೋಳದ ವಿದ್ಯಾರ್ಥಿಗಳಿಗಾಗಿ ಗಾರೆಯಲ್ಲಿ ಮಾಡಿಸಿದ, ಇಡೀ ಸೀಮೆಯ ಉಬ್ಬು ನಕ್ಷೆ. ಮೇಡಂ ಅವನ ಬೆರಳನ್ನು ಬಂದರಿನ ಮೇಲಿಟ್ಟರು. ಅಲ್ಲಿಂದ ಕೂದಲೆಳೆಯಂಥ ಗೀರೊಂದು ಹೊರಟಿತ್ತು. ಅದೇ ರಸ್ತೆ. ಬಯಲು ಸಪಾಟಾಗಿ ಸಾಗಿತು, ಆಮೇಲೆ ನೆಲ ಎದ್ದಿತು. ಗೀರು ಎಡಕ್ಕೆ ಹೊರಳಿತು, ಬಲಕ್ಕೆ, ಮತ್ತೆ ಎಡಕ್ಕೆ. ಮಾವನ ಎಡಗಾಲು ತಾನಾಗಿ ನೆಲ ಒತ್ತಿತು.

“ಇಲ್ಲಿ ಸೆಕೆಂಡ್ ಗೇರು!” ಎಂದು ಕೂಗಿಯೇಬಿಟ್ಟ. “ಪುಟ್ಟೀ, ಇದು ನೀರಿನ ತಿರುವು ಕಣೇ! ಇಲ್ಲೇ ಇಂಜಿನ್ ತಣ್ಣಗೆ ಮಾಡ್ಕೊಳ್ತಿದ್ವಿ!”

ಎಷ್ಟು ಕಾಲದ ಮೇಲೋ ಕೇಳಿದ ಆ ಹಳೇ ಹಾರ್ನ್ ದನಿಗೆ ಹುಡುಗಿಯ ಕಣ್ಣು ತುಂಬಿಬಂತು.

ಘಾಟಿ ಹತ್ತಿ ಮುಗಿದ ಮೇಲೆ ಮಾವ ಕೇಳಿದ: “ಬಂದರಿಂದ ಕಾಣುತ್ತಲ್ಲ, ಕೂತ ಎಮ್ಮೆ ಥರದ ಬೋಳು ಬೆಟ್ಟ, ಅದೆಲ್ಲಿ?” ಮೇಡಂ ಅವನ ಬಲಗೈಯನ್ನು ಅದರ ಇಳಿಜಾರಿನ ಮೇಲಿಟ್ಟರು. “ನಮ್ಮೂರಿಂದ ಕಾಣೋ ಚೂಪು ಬೆಟ್ಟ?” ಎಡಗೈಯನ್ನೂ ಹಿಡಿದು ಇಟ್ಟರು.

ಎರಡು ಕೈಗಳೂ ಮೆಲ್ಲಗೆ ಮೇಲಕ್ಕೆ ಹತ್ತಿ ನೆತ್ತಿಯಲ್ಲಿ ಒಂದಕ್ಕೊಂದು ತಗುಲಿದವು.

ಮಾವ ಕೈಗಳನ್ನು ಕೆಳಗಿಳಿಸಿ ಮತ್ತೊಮ್ಮೆ ಹತ್ತಿಸಿ ನೋಡಿದ.

“ಒಂದೇ ಬೆಟ್ಟವಾ?”

“ಒಂದೇ. ನೀವು ಅದನ್ನ ಸುತ್ತಿಕೊಂಡು ಹೋಗ್ತಿದ್ರಿ.”

“ಇಷ್ಟು ವರ್ಷ ಎರಡು ಅಂತಿದ್ದೆನಲ್ಲೇ ಪುಟ್ಟಿ. ಕಣ್ಣು ನೆಟ್ಟಗಿದ್ದಾಗಲೂ ಎರಡೇ ಅಂತಿದ್ದೆ.” ಮಗುವಿನ ತಲೆ ಹಿಡಿದ ಹಾಗೆ ಆ ಬೆಟ್ಟವನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತ. ಆಮೇಲೆ ಕೈ ಚಾಚಿ ಮೇಜಿನ ಅಂಚು ಮುಟ್ಟಿದ. “ಇದರಾಚೆಗೆ ಏನಿದೆ ತಾಯಿ?”

ಮೇಡಂ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಉಬ್ಬು ತಗ್ಗುಗಳಿದ್ದ ಭೂಮಿಯ ಗೋಳವೊಂದನ್ನು ತಂದು ಅವನ ತೊಡೆಯ ಮೇಲಿಟ್ಟರು. ಅವನು ತಿರುಗಿಸಿದ. ನುಣ್ಣನೆಯ ಕಡಲು ಮುಗಿಯುವಂತೆಯೇ ಕಾಣಲಿಲ್ಲ. ಆಮೇಲೆ ತರಿತರಿ ನೆಲ, ಮತ್ತೆ ಕಡಲು.

“ನಮ್ಮ ಘಾಟಿ ಎಲ್ಲಿ?”

ಅವರು ಅವನ ತೋರುಬೆರಳನ್ನು ಒಂದು ಕಡೆ ಒತ್ತಿದರು. “ಇಲ್ಲಿ. ಬಂದರು, ಘಾಟಿ, ನಿಮ್ಮೂರು, ಈ ಗ್ರಂಥಾಲಯ, ಎಲ್ಲಾ ಈ ಬೆರಳ ತುದಿಯೊಳಗೇ ಬಂತು.”

ಬೆರಳನ್ನು ಎತ್ತುವುದಕ್ಕೂ ಹೆದರಿಕೊಂಡವನಂತೆ ಅವನು ಕೂತುಬಿಟ್ಟ.

ಮುಂದಿನ ವಾರ ಬಟ್ಟೆ ಹಾಕಿಕೊಂಡು ಮೊದಲು ಬಾಗಿಲಿಗೆ ಬಂದು ನಿಂತವನು ಅವನೇ. ಬೆಟ್ಟ ಹೇಗೆ ಹುಟ್ಟುತ್ತದೆ ಎಂದು ಹೇಳುವ ಪುಸ್ತಕ ಬೇಕೆಂದು ಕೇಳಿದ. ಅಲ್ಲಿ ಓದಿ ಹೇಳುವ ಹುಡುಗಿಯೊಬ್ಬಳು ಎದುರು ಕೂತು ಶುರುಮಾಡಿದಳು. ಎಷ್ಟೋ ಬೆಟ್ಟಗಳ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು, ನೆಲ ತಾನೇ ಅದನ್ನು ಮೇಲಕ್ಕೆತ್ತಿತು ಎಂಬ ಸಾಲು ಬಂತು. ಮಾವ ಕೈ ಅಡ್ಡ ಹಿಡಿದ.

“ಇನ್ನೊಂದ್ಸಲ ಓದಮ್ಮ,” ಎಂದ. “ನಿಧಾನಕ್ಕೆ.”