ಜನರಲ್‌ನ ಎದೆ ಸುತ್ತಳತೆ

ಗುನುಂಗ್ ಕಿದುಲ್‌ನ ಕಲ್ಲುಗುಡ್ಡಗಳ ನಡುವಿನ ಆ ಊರಿನ ಮುಂದೆ ಅಂದು ಒಂದು ಘನಗಂಭೀರ ಪ್ರಶ್ನೆ ಬಂದಿತ್ತು: ಸುತ್ತಳತೆಯಲ್ಲಿ ಯಾವುದು ದೊಡ್ಡದು, ಕರ್ಸೊನೊ ಸಾಕಿದ ಹೋರಿ ಜನರಲ್‌ನ ಎದೆಯೋ, ಊರ ಮುಖ್ಯಸ್ಥರ ಹೊಟ್ಟೆಯೋ? ಹಿರಿಯರು ಎರಡು ಪಂಗಡವಾಗಿದ್ದರು. ಪಶು ಆರೋಗ್ಯ ಕಾರ್ಯಕರ್ತೆ ವಿಂದಾರ್ತಿ ಅಳತೆ ಪಟ್ಟಿ ಹಿಡಿದು ಬರುತ್ತಾಳೆಂದು ತಿಳಿದು ಕೊಟ್ಟಿಗೆಯ ಮುಂದೆ ಏಳೆಂಟು ಜನ ಸೇರಿದರು. ಮುಖ್ಯಸ್ಥರು ಮಾತ್ರ ಬರಲಿಲ್ಲ.

ಕರ್ಸೊನೊನ ಹೆಂಡತಿ ಸುಮಿಯಾತಿಗೆ ಈ ಚರ್ಚೆ ಬೇಕಿರಲಿಲ್ಲ. ಅವಳ ಕಣ್ಣು ಪಕ್ಕದಲ್ಲಿ ಕಟ್ಟಿದ್ದ ಕಡಸು ಕುನಿಂಗ್ ಮೇಲಿತ್ತು. ತಾಯಿ ಸತ್ತಾಗ ಅದಕ್ಕೆ ಗಂಜಿ ಕುಡಿಸಿ ಬದುಕಿಸಿದವಳು ಅವಳೇ. ಈಗ ಒಣಗಾಲ, ಗುಡ್ಡದಲ್ಲಿ ಹಸಿರಿಲ್ಲ. ನಾಳೆ ಸಂತೆಯಲ್ಲಿ ಕುನಿಂಗ್ ಮಾರಿ, ಆ ದುಡ್ಡಲ್ಲಿ ಕೆಳನಾಡಿನಿಂದ ಒಣಹುಲ್ಲು ತರಿಸಿ, ಹೋರಿಯನ್ನು ಬಕ್ರೀದ್‌ವರೆಗೆ ಸಾಕುವುದೆಂದು ಗಂಡ ತೀರ್ಮಾನಿಸಿದ್ದ. ‘ಹಸುವನ್ನು ಹಸು ತಿನ್ನುವ ಕಾಲ’ ಎಂದು ಊರವರು ನಗುತ್ತಲೇ ಪ್ರತಿ ವರ್ಷ ಹೀಗೆ ಮಾಡುತ್ತಿದ್ದರು.

ವಿಂದಾರ್ತಿ ಹೋರಿಯ ಎದೆಗೆ ಪಟ್ಟಿ ಬಿಗಿದಳು. “ನೂರಾ ಎಂಬತ್ತೆರಡು ಸೆಂಟಿಮೀಟರ್.”

“ಭಲೇ ನನ್ನ ಜನರಲ್!” ಕರ್ಸೊನೊ ಇಲ್ಲದ ಮೀಸೆ ತಿರುವಿದ.

“ಖುಷಿ ಪಡ್ಬೇಡಿ ಮಾವ. ಎರಡು ತಿಂಗಳ ಹಿಂದೇನೂ ಇಷ್ಟೇ ಇತ್ತು. ಇವನು ಬೆಳೆಯೋದು ನಿಲ್ಲಿಸಿದಾನೆ, ತಿನ್ನೋದು ನಿಲ್ಲಿಸಿಲ್ಲ.”

“ತಿನ್ಲಿ ಬಿಡಮ್ಮ. ದಲ್ಲಾಳಿ ಇವತ್ತು ಎರಡು ಕೋಟಿ ಹತ್ತು ಲಕ್ಷ ರುಪಿಯಾ ಅಂತಾನೆ. ಹಬ್ಬಕ್ಕೆ ಎರಡು ಕೋಟಿ ನಲವತ್ತೈದು. ಮೂವತ್ತೈದು ಲಕ್ಷ ಲಾಭ! ಲೆಕ್ಕ ನಂಗೂ ಬರುತ್ತೆ.” (ಅಲ್ಲಿನ ಒಂದು ಲಕ್ಷ ರುಪಿಯಾ ಎಂದರೆ ನಮ್ಮ ಐನೂರು ರೂಪಾಯಿಯ ಆಸುಪಾಸು.)

“ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳು. ಅಲ್ಲಿವರೆಗೆ ಊಟ?”

“ಹುಲ್ಲು ತಿಂಗಳಿಗೆ ಒಂಬತ್ತು ಲಕ್ಷ. ಅಷ್ಟೇ.”

“ತೌಡು?”

“ಅದೊಂದು ನಾಲ್ಕು.”

“ನೀರು?”

“ನೀರಿಗೂ ಲೆಕ್ಕ ಬರೀತಾರೇನೇ? ನೀರು ದೇವರು ಕೊಟ್ಟಿದ್ದು!”

“ದೇವರು ಕೊಡೋದು ಮಳೆಗಾಲದಲ್ಲಿ ಕಣ್ರೀ,” ಎಂದಳು ಸುಮಿಯಾತಿ. “ಈಗ ಕೊಡೋನು ಟ್ಯಾಂಕರಿನವನು. ಈ ಹೋರಿ ಮಹಾರಾಯನ ನೀರಿಗೇ ತಿಂಗಳಿಗೆ ಎರಡು ಲಕ್ಷ. ಹೊತ್ತು ಹಾಕೋಳು ನಾನು. ನನ್ನ ಕೂಲಿ ಬರ್ಕೊಳ್ಳಿ ಅಂತ ಹೇಳ್ತಿಲ್ಲ.”

“ಬರ್ಕೋಬೇಕು ಅತ್ತೆ. ಅದನ್ನ ಬಿಟ್ರೂ ತಿಂಗಳಿಗೆ ಹದಿನೈದು, ನಾಲ್ಕು ತಿಂಗಳಿಗೆ ಅರವತ್ತು ಲಕ್ಷ. ಮಾವ, ಕುನಿಂಗ್‌ಗೆ ಎಷ್ಟು ಸಿಗುತ್ತೆ?”

ಕರ್ಸೊನೊ ಕಡಸಿನ ಕಡೆ ತಿರುಗಿದ. “ಅರವತ್ತು.”

“ಅಂದ್ರೆ ಜನರಲ್ ಅವಳನ್ನ ಬಾಲದ ಸಮೇತ ತಿಂದು ಮುಗಿಸ್ತಾನೆ. ಅರವತ್ತು ಕೊಟ್ಟು ಮೂವತ್ತೈದು ತಗೊಂಡ ಹಾಗಾಯ್ತು.”

“ಕಡಸೇನು ಉಪವಾಸ ಇರುತ್ತಾ?”

“ಇರಲ್ಲ. ತಿಂಗಳಿಗೆ ಐದು ಲಕ್ಷ ಬೇಕು. ಆದ್ರೆ ಅವಳು ತಿಂದಿದ್ದು ಮೈಗೆ ಹತ್ತುತ್ತೆ, ಗಬ್ಬ ಆದ್ರೆ ಕರೂನೂ ಬರುತ್ತೆ.”

ಕರ್ಸೊನೊ ಹೋರಿಯ ಬೆನ್ನು ಸವರುತ್ತ ನಿಂತ. ಕೊನೆಗೆ ನಿಜವಾದ ಕಾರಣ ಹೊರಬಿತ್ತು. “ಹಬ್ಬದ ದಿನ ಮಸೀದಿ ಮುಂದೆ, ಇಷ್ಟು ದೊಡ್ಡ ಹೋರಿ ಸಾಕಿದ್ದು ನಾನೇ ಅಂತ ಹೇಳ್ಕೋಬೇಕು ಅಂತಿತ್ತು ಕಣೇ.”

“ಹೇಳ್ಕೊಳ್ಳಿ,” ಎಂದಳು ಸುಮಿಯಾತಿ. “ಹೇಳ್ಕೊಳ್ಳೋಕೆ ಹುಲ್ಲು ಬೇಡ.”

ಸೇರಿದ್ದವರು ನಕ್ಕರು. ಸ್ವಲ್ಪ ತಡವಾಗಿ ಕರ್ಸೊನೊನೂ ನಕ್ಕ. ಆಮೇಲೆ ಕಡಸನ್ನು ಸಂತೆಗೆ ಒಯ್ಯಲೆಂದು ತಂದಿದ್ದ ಹೊಸ ಹಗ್ಗವನ್ನು ಹೋರಿಯ ಕೊರಳಿಗೆ ಕಟ್ಟಿದ.

ನಿಮ್ಮ ಕೊಟ್ಟಿಗೆಯಲ್ಲೂ ಒಬ್ಬ ಜನರಲ್ ಇರಬಹುದು. ತಿಂಗಳಿಗೊಮ್ಮೆ ಅವನ ಎದೆಗೆ ಪಟ್ಟಿ ಸುತ್ತಿ, ಅಳತೆ ಬರೆದಿಡಿ. ಪಕ್ಕದಲ್ಲೇ ಹುಲ್ಲು, ತೌಡು, ನೀರು, ಔಷಧಿಯ ಖರ್ಚು ಬರೆಯಿರಿ. ಹೊತ್ತು ತಂದವರ ಕೂಲಿಯನ್ನು ಮರೆಯಬೇಡಿ, ಅವರು ಮನೆಯವರೇ ಆದರೂ. ಅಳತೆ ಏರುವುದು ನಿಂತಿತೋ, ಹಬ್ಬಕ್ಕೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಅಲ್ಲಿಯವರೆಗಿನ ಖರ್ಚು ಕಳೆದು ನೋಡಿ. ಏನೂ ಉಳಿಯದಿದ್ದರೆ ಇವತ್ತೇ ಮಾರಿ.

ಜನರಲ್ ಮರುದಿನ ಎರಡು ಕೋಟಿ ಹತ್ತು ಲಕ್ಷಕ್ಕೆ ಮಾರಾಟವಾದ. ಕುನಿಂಗ್ ಮರುವರ್ಷದ ಮಳೆಗಾಲದಲ್ಲಿ ಹೆಣ್ಣುಕರು ಹಾಕಿತು. ಮುಖ್ಯಸ್ಥರ ಹೊಟ್ಟೆಯನ್ನು ಯಾರೂ ಅಳೆಯಲಿಲ್ಲ.