ಒಳಗೆ ಹೋಗದ ಕೆಳಗಿನ ಡ್ರಾಯರ್

ನಾನು ಒಂದು ಡ್ರಾಯರ್. ಗದಗಿನ ಫಕ್ಕೀರಪ್ಪ ಮನೆಯಲ್ಲೇ ಮಾಡಿದ ಮಾವಿನ ಹಲಗೆಯ ಕಪಾಟಿನಲ್ಲಿ ಎಲ್ಲಕ್ಕಿಂತ ಕೆಳಗೆ ನನ್ನ ಜಾಗ. ಹತ್ತಿ ಗಿರಣಿಯಿಂದ ನಿವೃತ್ತನಾದ ಮೇಲೆ ಅವನಿಗೆ ಬಡಗಿತನದ ಹುಚ್ಚು ಹಿಡಿದಿತ್ತು. ಗಿರಣಿಯ ಸದ್ದಿಗೆ ಕಿವಿ ಮಂದ, ಮೊಣಕಾಲು ನೋವು, ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ಆದರೆ ಕೈ ಕೆಟ್ಟದ್ದಲ್ಲ. ನನ್ನ ಇಬ್ಬರು ಅಕ್ಕಂದಿರು ಮೇಲಿನ ಖಾನೆಗಳಲ್ಲಿ ಸಲೀಸಾಗಿ ಕೂತುಬಿಟ್ಟರು.

ನನಗೆ ವಾರ್ನಿಷ್ ದಪ್ಪವಾಗಿ ಬಿದ್ದಿತ್ತು. ಒಣಗಲೆಂದು ಅಂಗಳದ ಬಿಸಿಲಿಗೆ ಇಟ್ಟ. ಅಷ್ಟರಲ್ಲಿ ಮನೆಯ ಬೆಕ್ಕು ಆಗಷ್ಟೇ ಹುಟ್ಟಿದ ಎರಡು ಮರಿಗಳನ್ನು ಕಚ್ಚಿ ತಂದು, ನನ್ನ ಖಾಲಿ ಖಾನೆಯ ಕತ್ತಲ ಮೂಲೆಯಲ್ಲಿ ಮಲಗಿಸಿ ಹೊರಗೆ ಹೋಗಿತ್ತು. ಆ ಮೊಣಕಾಲಿಟ್ಟುಕೊಂಡು ಫಕ್ಕೀರಪ್ಪ ಬಗ್ಗಿ ನೋಡುತ್ತಾನೆಯೇ?

ನನ್ನನ್ನು ತಂದು ಖಾನೆಗೆ ತಳ್ಳಿದ. ಪಕ್ಕ ಬಿಗಿಯಾಗಿ ಎರಡು ಬೆರಳಷ್ಟು ಹೊರಗೇ ಉಳಿದೆ. ನನ್ನ ಬೆನ್ನಿಗೆ ಬೆಚ್ಚನೆಯ ಉಸಿರು ತಾಗಿತು. ಮರಿಗಳು ಚೀಂವ್ ಎಂದದ್ದು ಅವನಿಗೆ ಕೇಳಲಿಲ್ಲ. ಅಡುಗೆಮನೆಯಲ್ಲಿ ಅವನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು, ಅವಳಿಗೂ ಕೇಳಲಿಲ್ಲ.

"ಸಂಜೀಕ ಬಡಿಗೇರ ಮೌನೇಶಪ್ಪ ನೋಡಾಕ ಬರ್ತಾನ. ನನ್ನ ಮಾನ ಕಳೀಬ್ಯಾಡ!" ಎಂದು ನನಗೇ ಬೈದ.

ಪಕ್ಕಗಳಿಗೆ ಸೀಮೆಸುಣ್ಣ ತಿಕ್ಕಿ ತಳ್ಳುವುದು, ಹೊರಗೆಳೆದು ಸುಣ್ಣ ಅಳಿಸಿದ ಕಡೆ ಮರ ತಾಕುತ್ತದೆಂದು ತಿಳಿದು ಅಲ್ಲಿ ರಂದಾ ಹೊಡೆದು ಹೆರೆಯುವುದು ಅವನ ಪದ್ಧತಿ. ಹಾಗೇ ಮಾಡಿದ. ಈಗ ಹೊರಗುಳಿದದ್ದು ಒಂದೇ ಬೆರಳು. ನನ್ನ ಬೆನ್ನು ಮೆತ್ತನೆಯ ಮೈಗೆ ತಾಗಿತು. ಸಾಕಪ್ಪಾ, ಇನ್ನು ನನ್ನನ್ನು ಸಣ್ಣಗೆ ಮಾಡಬೇಡ ಎಂದು ಕೂಗಬೇಕೆನಿಸಿತು. ಮರಕ್ಕೆ ಬಾಯೆಲ್ಲಿದೆ? ಅವನು ಸಿಟ್ಟಿನಲ್ಲಿ ಎರಡೂ ಕಡೆ ಬೇಕಾಬಿಟ್ಟಿ ಕೆತ್ತಿದ. ನನ್ನನ್ನು ತಡೆದು ಹಿಡಿದಿದ್ದ ಬಿಗಿ ಹೋಯಿತು. ಮತ್ತೆ ಸುಣ್ಣ ಹಚ್ಚಿ ಅಂಗೈಯಿಂದ ಒತ್ತಿದ. ಸುಣ್ಣ ಎಲ್ಲೂ ಅಳಿಸಲಿಲ್ಲ, ಆದರೂ ನಾನು ಪೂರ್ತಿ ಒಳಗೆ ಹೋಗಲಿಲ್ಲ.

ಅವನು ಮರದ ಕೊಡತಿ ಎತ್ತಿದ.

ಊಟಕ್ಕೆ ಕರೆಯಲು ಬಂದ ನೀಲವ್ವ ಬಾಗಿಲಲ್ಲೇ ಕೂಗಿದಳು. "ತಡೀರಿ! ಮುರೀತೀರೇನು ಅದನ್ನ?"

"ಬಾಜೂಕ ಎಲ್ಲೂ ತಾಕವಲ್ದು, ಆದ್ರೂ ಕುಂದ್ರವಲ್ದು. ಒಂದ ಏಟು ಕೊಟ್ರ ಹೋಗ್ತೈತಿ."

"ಬಾಜೂಕಷ್ಟ ನೋಡಿದ್ರ ಹೆಂಗ? ಹಿಂದ ಏನರ ತಾಕತಿರಬೇಕು." ನನ್ನನ್ನು ಹೊರಗೆಳೆದು, ಹಿಟ್ಟಿನ ಕೈಯಿಂದಲೇ ಬೆನ್ನಿಗೆ ಜೋಳದ ಹಿಟ್ಟು ಸವರಿದಳು. "ಈಗ ಹಗೂರಕ ತಳ್ರಿ."

ಜೀವ ಕೈಯಲ್ಲಿ ಹಿಡಿದು ಒಳಗೆ ಹೋದೆ. ಹೊರಗೆ ಬಂದಾಗ ಹಿಟ್ಟು ಒಂದು ಕಡೆ ಅಳಿಸಿತ್ತು. ಅಲ್ಲಿ ನವಿರಾದ ಬೂದು ಕೂದಲು ಅಂಟಿತ್ತು.

ನೀಲವ್ವ ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ನೋಡಿದಳು. "ಯವ್ವಾ! ಬೆಕ್ಕಿನ ಮರಿ ಅದಾವ್ರೀ! ಜೀವ ಐತಿ, ಎರಡಕ್ಕೂ ಜೀವ ಐತಿ!"

ಫಕ್ಕೀರಪ್ಪ ಮೊಣಕಾಲಿನ ನೋವು ಮರೆತು ಬಗ್ಗಿ, ಕೈಚಾಚಿ ಎರಡನ್ನೂ ಹೊರಗೆ ತೆಗೆದ. ಸಂಜೆ ಮೌನೇಶಪ್ಪ ಬಂದಾಗ ಮರಿಗಳು ನನ್ನೊಳಗೆ, ಹಳೆ ಸೀರೆಯ ಮೇಲೆ ತಾಯಿಯ ಹಾಲು ಕುಡಿಯುತ್ತಿದ್ದವು.

ನನಗೀಗ ವಯಸ್ಸಾಯಿತು. ಅಂದು ಅತಿಯಾಗಿ ಕೆತ್ತಿಸಿಕೊಂಡು ಸಡಿಲವಾಗಿದ್ದೇನೆ, ಒಂದು ಕಡೆ ವಾಲಿದ್ದೇನೆ. ಡ್ರಾಯರಿಗೆ ನೆಟ್ಟಗೆ ಕೂರುವುದೇ ಮಾನ. ಅಕ್ಕಂದಿರ ಕೆಳಗೆ ಹೀಗಿರಲು ನನಗೆ ನಾಚಿಕೆಯೇ. ಮೊನ್ನೆ ನೀಲವ್ವ, "ಇದೊಂದನ್ನ ಬದಲಿ ಮಾಡ್ಸೂಣ್ರಿ," ಎಂದಳು.

ಫಕ್ಕೀರಪ್ಪ ನನ್ನ ಅಂಚಿನ ಮೇಲೆ ಕೈಯಿಟ್ಟ.

"ಬ್ಯಾಡ. ಅವತ್ತ ಇದು ಮೊದಲನೇ ಸಲಕ್ಕ ಸರಿಯಾಗಿ ಕುಂತಿದ್ರ, ನಾ ಭಾರಿ ಬಡಿಗೇರ ಅಂತ ಊರೆಲ್ಲ ಹೇಳ್ಕೊಂಡ ತಿರಗ್ತಿದ್ದೆ. ಮರಿ ಸತ್ತದ್ದೂ ಗೊತ್ತಾಗ್ತಿರಲಿಲ್ಲ."