ಹಿಂಬದಿಯ ಹೆಸರು

ಆ ಮನುಷ್ಯ ಫೋಟೋ ಅಂಗಡಿಯ ಕಿಟಕಿಯ ಮುಂದೆ ಬಿಸಿಲಲ್ಲೇ ನಿಂತಿದ್ದ. ಲಾಸ್ ವೇಗಸ್ಸಿನ ಜೂನ್ ಬಿಸಿಲಲ್ಲಿ ಹಾಗೆ ನಿಲ್ಲುವವನು ಒಂದೋ ಕುಡಿದಿರಬೇಕು, ಇಲ್ಲವೇ ನಿಲ್ಲುವುದಕ್ಕೆಂದೇ ಸಂಬಳ ಪಡೆಯುತ್ತಿರಬೇಕು. ಒಳಗಿದ್ದ ಬಾಸಿಲಿಯೊಗೆ ಇದು ಹೊಳೆಯಲೇ ಇಲ್ಲ. ತಾನು ತೆಗೆದ ಫೋಟೋವನ್ನು ಯಾರೋ ಒಬ್ಬ ಇಷ್ಟು ಹೊತ್ತು ನೋಡುತ್ತಿದ್ದಾನಲ್ಲ ಎಂದು ಹಿಗ್ಗಿದ.

ಕಿಟಕಿಯಲ್ಲಿ ನಮ್ಮ ಬೀದಿಯ ಮದುಮಕ್ಕಳು, ಹದಿನೈದು ತುಂಬಿದ ಹಬ್ಬಕ್ಕೆ ಸಿಂಗರಿಸಿಕೊಂಡ ಹುಡುಗಿಯರು, ಜ್ಞಾನಸ್ನಾನದ ಕೂಸುಗಳು ಎಲ್ಲರೂ ಇದ್ದರು. ಅವರ ನಡುವೆ ತ್ರಿನಿ. ಬಾಸಿಲಿಯೊನ ಮಗಳಿಗೆ ಜ್ಞಾನತಾಯಿಯಾಗಿ ನಿಂತವಳು ಅವಳು; ಹಾಗಾಗಿ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಮೆಕ್ಸಿಕೋದ ತನ್ನ ಊರಲ್ಲಿ ಶುಭ ಶುಕ್ರವಾರ ಶಿಲುಬೆ ಹೊರುತ್ತಿದ್ದವಳು. ಈ ವರ್ಷ ಪಾದ್ರಿಗಳು ಶಿಲುಬೆಯ ಹಾದಿಯನ್ನು ಮರುಭೂಮಿಗೆ, ಅಣುಬಾಂಬು ಸಿಡಿಸುವ ಮೈದಾನದ ಗೇಟಿಗೇ ಒಯ್ದಾಗ ಅವಳೂ ಹೋದಳು. ಹೋದವಳು ಸುಮ್ಮನೆ ನಿಂತಾಳೆಯೆ? ಗೇಟಿನ ಬಿಳಿ ಗೆರೆ ದಾಟಿ ಪೊಲೀಸರ ಕೈಗೆ ಸಿಕ್ಕಳು. ಚಿತ್ರದಲ್ಲಿ ಬೆನ್ನ ಹಿಂದೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ ಕೈ, ಬೆರಳಲ್ಲಿ ಇನ್ನೂ ಜಪಮಾಲೆ, ಪಕ್ಕಕ್ಕೆ ತಿರುಗಿದ ಮುಖ. ಬಾಸಿಲಿಯೊ ತನ್ನ ಜನ್ಮದಲ್ಲಿ ಅಂಥ ಇನ್ನೊಂದು ಚಿತ್ರ ತೆಗೆದಿರಲಿಲ್ಲ.

ಪೊಲೀಸರು ಹೆಸರು ಕೇಳಿದಾಗ ತ್ರಿನಿ ತನ್ನದರ ಬದಲು ವ್ಯಾಕುಲ ಮಾತೆ ಮೇರಿಯಮ್ಮನ ಹೆಸರು ಹೇಳಿ ಪಾರಾಗಿದ್ದಳು. ಕದ್ದು ಗಡಿ ದಾಟಿ ಬಂದು ಬದುಕುತ್ತಿದ್ದವರಿಗೆಲ್ಲ ಹೊಸ ಕಾನೂನಿನಲ್ಲಿ ಇಲ್ಲೇ ಇರಲು ಕಾಗದ ಕೊಡುತ್ತಿದ್ದ ಬೇಸಿಗೆ ಅದು. ಪೊಲೀಸರ ಬಾಯಿಗೆ ಹೆಸರು ಬಿದ್ದವರ ಅರ್ಜಿ ಮೂಲೆ ಸೇರುತ್ತದೆ, ಗಡಿಯಾಚೆಗೆ ದಬ್ಬುತ್ತಾರೆ ಎಂದು ಬೀದಿಯೆಲ್ಲ ಗುಲ್ಲು. "ಕೊಂಪಾದ್ರೆ, ಕಾಗದ ಕೈಗೆ ಬರೋ ತನಕ ನನ್ನನ್ನ ಆ ಕಿಟಕಿಯಿಂದ ಇಳ್ಸು ಮಾರಾಯಾ" ಎಂದು ತ್ರಿನಿ ಎರಡು ಸಲ ಹೇಳಿದ್ದಳು. "ಈ ಭಾನುವಾರ ಒಂದು ಕಳೀಲಿ, ಪೂಜೆ ಮುಗಿಸಿ ಬರೋರು ನೋಡ್ಲಿ" ಎನ್ನುತ್ತ ಇವನು ಭಾನುವಾರಗಳನ್ನು ದೂಡಿದ್ದ.

ಆ ಮನುಷ್ಯ ಒಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಮ್ಮವರಂತೆಯೇ ಸ್ಪ್ಯಾನಿಷ್ ಮಾತು.

"ಎಂಥಾ ಫೋಟೋ ತೆಗ್ದಿದೀರಿ! ಆ ಮುಖದಲ್ಲಿ ಏನು ಶಾಂತಿ. ಯಾರು ಈ ತಾಯಿ?"

ನಮ್ಮವರಿಗೆ ಫೋಟೋ ತೋರಿಸಿ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಇವಳು ಯಾರ ಮಗಳು, ಯಾರ ಕೊಮಾದ್ರೆ, ಎಲ್ಲ ಹೇಳಿದರೇ ಫೋಟೋ ಪೂರ್ತಿಯಾಗುವುದು. ಬಾಸಿಲಿಯೊ ಹೇಳಿದ. ಯಾವ ಹೋಟೆಲಿನಲ್ಲಿ ಕೋಣೆ ಗುಡಿಸುತ್ತಾಳೆ ಎಂಬುದನ್ನೂ ಹೇಳಿದ.

"ನಂಗೊಂದು ಪ್ರತಿ ಬೇಕಲ್ಲ. ಹಿಂದ್ಗಡೆ ಹೆಸ್ರು ಬರೀತೀರಲ್ವಾ, ಎಲ್ಲಾರಿಗೂ ಬರೆಯೋ ಹಾಗೆ?"

ಇವನ ಅಂಗಡಿಯಿಂದ ಹೆಸರಿಲ್ಲದೆ ಒಂದು ಚಿತ್ರವೂ ಹೊರಗೆ ಹೋದದ್ದಿಲ್ಲ. ಬಾಲ ಬಾಲದ ತನ್ನ ಅಕ್ಷರದಲ್ಲಿ 'ತ್ರಿನಿದಾದ್ ಒಲ್ಗಿನ್, ನನ್ನ ಕೊಮಾದ್ರೆ, ಶುಭ ಶುಕ್ರವಾರ, ೧೯೮೭' ಎಂದು ಬರೆದು, ಶಾಯಿ ಆರಲೆಂದು ಊದಿ ಕೊಟ್ಟ.

ಬಾಗಿಲು ಮುಚ್ಚಿದ ಮೇಲೆ ಹೆಂಡತಿ ನಿಯೆವೆಸ್ ಪರದೆ ಸರಿಸಿ ಬಂದಳು. "ಯಾರದು?"

"ಯಾರೋ ರಸಿಕ ಕಣೆ. ಕೇಳಿದ ಬೆಲೆ ಕೊಟ್ಟ."

"ಚೌಕಾಸಿ ಮಾಡ್ಲಿಲ್ವಾ?"

"ಇಲ್ಲ."

"ಗುರುತಿಲ್ಲದ ಹೆಂಗಸಿನ ಫೋಟೋನ ಚೌಕಾಸಿ ಇಲ್ದೆ ತಗೊಂಡು, ಹೆಸ್ರೂ ಬರೆಸ್ಕೊಂಡು ಹೋದ್ನಾ? ಅಯ್ಯೋ ನಿನ್ನ ಬುದ್ಧಿಗಿಷ್ಟು! ರಸಿಕನಂತೆ, ರಸಿಕ!"

ಬಾಸಿಲಿಯೊ ಬೀದಿಗೆ ಓಡಿದ. ಮೂಲೆಯಲ್ಲಿ ಪೊಲೀಸರ ಕಾರಿಗಿರುವಂಥ ಉದ್ದ ಆಂಟೆನಾದ ಬಿಳಿ ಕಾರೊಂದು ತಿರುಗುತ್ತಿತ್ತು. ನಮ್ಮ ಬೀದಿಯಲ್ಲಿ ಅಷ್ಟು ತೊಳೆದ ಕಾರು ಯಾರದೂ ಇಲ್ಲ. ಒಳಗೆ ಬಂದು ತ್ರಿನಿಯ ಚಿತ್ರವನ್ನು ಕಿಟಕಿಯಿಂದ ತೆಗೆದ. ಹಿಂದೆ ಹಾಸಿದ್ದ ಕೆಂಪು ಬಟ್ಟೆ ಬಿಸಿಲಿಗೆ ಮಾಸಿ, ಚಿತ್ರವಿದ್ದ ಜಾಗ ಮಾತ್ರ ಕಡುಗೆಂಪಾಗಿ ಉಳಿದಿತ್ತು. ಸಂಜೆ ತ್ರಿನಿಯ ಮನೆಗೆ ಹೋಗಿ ಹೇಳಬೇಕೆಂದುಕೊಂಡ. ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಬಂದಳು. ಮಧ್ಯಾಹ್ನ ಕಾಗದ ಕೊಡುವ ಕಚೇರಿಯಲ್ಲಿ ಸಂದರ್ಶನ. ಬಾಳೆಲೆ ಬಣ್ಣದ ಒಳ್ಳೆಯ ಅಂಗಿ ತೊಟ್ಟಿದ್ದಳು.

"ಬೇಗ ಕಾಗದಕ್ಕೆ ಅಂಟ್ಸೋ ಫೋಟೋ ಒಂದು ತೆಗಿ. ಬಲಗಿವಿ ಕಾಣ್ಬೇಕಂತೆ. ನೆಲದಡಿ ಬಾಂಬು ಹೂಳೋರಿಗೆ ಯಾರೂ ಏನೂ ಕೇಳಲ್ಲ, ನೆಲ ಗುಡ್ಸೋಳಿಗೆ ಕಿವಿ ತೋರ್ಸು ಅಂತಾರೆ!" ನಗುತ್ತ ಸ್ಟೂಲಿನ ಮೇಲೆ ಕೂತು, ಕೂದಲು ಹಿಂದೆ ಸರಿಸಿ, ಮುಖ ಪಕ್ಕಕ್ಕೆ ತಿರುಗಿಸಿದಳು.

ಕ್ಯಾಮೆರಾದೊಳಗೆ ಅದೇ ಮುಖ, ಅದೇ ಓರೆ. ಬಾಸಿಲಿಯೊ ಕ್ಯಾಮೆರಾದಿಂದ ಕಣ್ಣು ತೆಗೆದ. "ಕೊಮಾದ್ರೆ..." ಎಂದು ಶುರುಮಾಡಿ, ಕಿಟಕಿಯಿಂದ ಕಾರಿನವರೆಗೆ ಎಲ್ಲ ಹೇಳಿಬಿಟ್ಟ.

ತ್ರಿನಿ ಇತ್ತ ತಿರುಗಿದಳು.

"ಹಿಂದ್ಗಡೆ ಹೆಸ್ರು ಬರ್ದವನು ನೀನೇನಾ?"

"ನಾನೇ."

"ಇಷ್ಟು ವರ್ಷದಿಂದ ಇಲ್ಲೇ ಇದೀನಿ ಅಂತ ತೋರ್ಸೋಕೆ ನಾನು ಕಚೇರಿಗೆ ಕೊಟ್ಟಿರೋದೇನು ಗೊತ್ತಾ? ನಿನ್ನ ಮಗಳ ಜ್ಞಾನಸ್ನಾನದ ಫೋಟೋ, ಹಬ್ಬದ ಫೋಟೋ. ಎಲ್ಲದರ ಹಿಂದೂ ನನ್ನ ಹೆಸ್ರು, ನಿನ್ನ ಅಕ್ಷರ. ನಿನ್ನೆ ಕೊಟ್ಟ ಫೋಟೋನೂ ಇವನ್ನೂ ಪಕ್ಕಪಕ್ಕ ಇಟ್ರೆ ಮುಗೀತು."

"ಹೋಗ್ಬೇಡ ಇವತ್ತು. ಹುಷಾರಿಲ್ಲ ಅಂತ ಹೇಳ್ಕಳ್ಸು."

"ಹೋಗ್ದಿದ್ರೂ ಮನೆ ಅರ್ಜೀಲೇ ಇದೆ, ಹೋಟ್ಲೂ ಗೊತ್ತು. ನೀನೇ ಹೇಳಿದೀಯಲ್ಲ." ಮತ್ತೆ ಮುಖ ತಿರುಗಿಸಿದಳು. "ತೆಗಿ."

ಅವನು ತೆಗೆದ. ಕತ್ತರಿಸಿದ ಪುಟ್ಟ ಚಿತ್ರವನ್ನು ಅವಳು ಬೋರಲಾಗಿ ಮೇಜಿನ ಮೇಲಿಟ್ಟಳು. ಹಿಂದೆ ಪೆನ್ಸಿಲಿನಲ್ಲಿ ಹೆಸರಿರಬೇಕೆಂದು ಕಚೇರಿಯವರ ಅಪ್ಪಣೆ. ಬಾಸಿಲಿಯೊ ಅಭ್ಯಾಸಬಲದಿಂದ ಪೆನ್ಸಿಲ್ ಎತ್ತಿಕೊಂಡವನು, ನಿಂತು, ಅದನ್ನು ಅವಳ ಕೈಗೆ ಕೊಟ್ಟ.

ತ್ರಿನಿಗೆ ಬರೆದು ರೂಢಿಯಿಲ್ಲ. ಮೊದಲ ಅಕ್ಷರವನ್ನು ಒತ್ತಿ, ದೊಡ್ಡದಾಗಿ ತಿದ್ದಿದಳು. ಅಷ್ಟರಲ್ಲಿ ನೆಲ ಸಣ್ಣಗೆ ಅದುರಿತು. ಗೋಡೆಯ ಮೇಲಿನ ಮದುಮಕ್ಕಳು, ಕೂಸುಗಳು ಮೊಳೆಗಳಲ್ಲಿ ಓಲಾಡಿದರು. ಮರುಭೂಮಿಯಲ್ಲಿ ಇನ್ನೊಂದು ಬಾಂಬು ಸಿಡಿಸಿದ್ದರು. ತ್ರಿನಿ ಪೆನ್ಸಿಲ್ ಮೇಲೆತ್ತಿ, ಚೌಕಟ್ಟುಗಳೆಲ್ಲ ನಿಲ್ಲುವವರೆಗೆ ಕಾದು, ಎರಡನೆಯ ಅಕ್ಷರಕ್ಕೆ ಬಾಗಿದಳು.